ತಾರೀಖು ಮೊದಲು, ಗೇಮ್ ಆಮೇಲೆ

'ಗ್ರ್ಯಾಂಡ್ ಥೆಫ್ಟ್ ಆಟೊ 6' ಎಂಬ ವಿಡಿಯೊ ಗೇಮ್ 2025ರಲ್ಲಿ ಬರುವುದಿತ್ತು. ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ಅದನ್ನು 2026ರ ಮೇ 26ಕ್ಕೆ ಮುಂದೂಡಿತು. ನವೆಂಬರ್‌ನಲ್ಲಿ ಮತ್ತೊಮ್ಮೆ ಮುಂದೂಡಿ 2026ರ ನವೆಂಬರ್ 19 ಎಂದಿತು. ಗೇಮ್ ಮಾಡುತ್ತಿರುವ ರಾಕ್‌ಸ್ಟಾರ್ ಗೇಮ್ಸ್‌ಗೆ ನಮ್ಮ ಬೆಂಗಳೂರಿನಲ್ಲೂ ಸ್ಟುಡಿಯೊ ಇದೆ. 1997ರಲ್ಲಿ ರಾಜೇಶ್ ರಾವ್ ಕಟ್ಟಿದ, ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದಾದ ಧ್ರುವ ಇಂಟರ್‌ಆಕ್ಟಿವ್ ಅನ್ನು ಅದು 2019ರಲ್ಲಿ ಕೊಂಡು ತನ್ನೊಳಗೆ ಸೇರಿಸಿಕೊಂಡಿತು. ದುಡ್ಡಿಗೆ ಬರವಿಲ್ಲದ, ಹಲವು ದೇಶಗಳಲ್ಲಿ ಆಳುಗಳಿರುವ ಕಂಪನಿಗೇ ಹೇಳಿದ ದಿನಕ್ಕೆ ಕೆಲಸ ಮುಗಿಸಲು ಆಗುವುದಿಲ್ಲ. ಹಾಗಾದರೆ ಸಾಗರದಲ್ಲೋ ಹೊಸನಗರದಲ್ಲೋ ತೀರ್ಥಹಳ್ಳಿಯಲ್ಲೋ ಹಗಲು ಬೇರೆ ಕೆಲಸ ಮಾಡಿ, ರಾತ್ರಿ ಲ್ಯಾಪ್‌ಟಾಪ್ ಬಿಚ್ಚಿ ಗೇಮ್ ಮಾಡಲು ಕೂರುವವರ ಗತಿ ಏನು?

ಇಂಥವರು ಈಗ ಮಲೆನಾಡಿನಲ್ಲಿ ಅಪರೂಪವಲ್ಲ. ಕೊರೊನಾ ಕಾಲದಲ್ಲಿ ಊರಿಗೆ ಬಂದು, ಕೆಲಸ ಮನೆಯಿಂದಲೇ ನಡೆಯುವುದಾದರೆ ತೋಟವನ್ನೇಕೆ ಬಿಡಬೇಕು ಎಂದು ಉಳಿದುಕೊಂಡವರಿದ್ದಾರೆ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಒಂದು ವರ್ಷ ನನ್ನದೇ ಏನಾದರೂ ಮಾಡಿ ನೋಡುತ್ತೇನೆ ಎನ್ನುವವರಿದ್ದಾರೆ. ಗೇಮ್ ಮಾಡುವ ಸಲಕರಣೆ ಇವತ್ತು ಬಿಟ್ಟಿ ಸಿಗುತ್ತದೆ, ಕಲಿಸುವ ವಿಡಿಯೊಗಳಿಗೂ ಕೊರತೆ ಇಲ್ಲ. ಹೀಗೆ ಶುರುವಾದ ಗೇಮ್‌ಗಳಲ್ಲಿ ಬಹುಪಾಲು ಹಾರ್ಡ್ ಡಿಸ್ಕಿನ ಒಂದು ಮೂಲೆಯಲ್ಲಿ ಅರ್ಧಕ್ಕೇ ನಿಲ್ಲುತ್ತವೆ. ಕೋಡ್ ಬರೆಯಲು ಬಾರದೆ ನಿಂತವು ಕಡಿಮೆ. ದಿನಗಳ ಲೆಕ್ಕ ತಪ್ಪಿ ನಿಂತವೇ ಹೆಚ್ಚು. ಆ ಲೆಕ್ಕ ಯಾಕೆ ತಪ್ಪುತ್ತದೆ, ಸರಿಮಾಡಿಕೊಳ್ಳುವುದು ಹೇಗೆ ಎನ್ನುವುದೇ ಈ ಸಲದ ವಿಷಯ.

ಮೂರು ಹಳೆಯ ಪಾಠಗಳು

ಗೇಮ್‌ಗಳ ಚರಿತ್ರೆಯಲ್ಲಿ ವೇಳೆ ಕೆಟ್ಟ ಕಥೆಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಮೂರು ಸಾಕು.

ಮೊದಲನೆಯದು 'ಡ್ಯೂಕ್ ನ್ಯೂಕೆಮ್ ಫಾರೆವರ್'. 3ಡಿ ರೆಲ್ಮ್ಸ್ ಎಂಬ ಅಮೆರಿಕದ ಕಂಪನಿ 1997ರಲ್ಲಿ ಇದನ್ನು ಪ್ರಕಟಿಸಿತು. ಹಿಂದಿನ ಗೇಮ್ ಚೆನ್ನಾಗಿ ಮಾರಿದ್ದರಿಂದ ಕೈಯಲ್ಲಿ ಹಣವಿತ್ತು, ಕೇಳುವವರಿರಲಿಲ್ಲ. ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ, ಮುಗಿದಾಗ ಮುಗಿಯುತ್ತದೆ ಎಂಬ ಧಾಟಿಯ ಉತ್ತರ. ಹೊಸ ತಂತ್ರಜ್ಞಾನ ಬಂದಾಗ ಹಳೆಯದನ್ನು ಬಿಟ್ಟು ಹೊಸದರ ಮೇಲೆ ಮತ್ತೆ ಕಟ್ಟತೊಡಗಿದರು. ಆಗಿದ್ದ ಕೆಲಸ ವ್ಯರ್ಥವಾಯಿತು. 2009ರಲ್ಲಿ ತಂಡವನ್ನೇ ಮನೆಗೆ ಕಳಿಸಬೇಕಾಯಿತು. ಕೊನೆಗೆ ಬೇರೊಂದು ಕಂಪನಿ ಕೈಹಾಕಿ 2011ರಲ್ಲಿ ಹೊರತಂದಾಗ ಹದಿನಾಲ್ಕು ವರ್ಷ ಕಳೆದಿತ್ತು. ಆಡಿದವರು ಮೆಚ್ಚಲೂ ಇಲ್ಲ. ತಾರೀಖೇ ಇಲ್ಲದ ಕೆಲಸದ ಹಣೆಬರಹ ಇದು.

ಎರಡನೆಯದು ಇದಕ್ಕೆ ತದ್ವಿರುದ್ಧ. 1982ರಲ್ಲಿ ಅಟಾರಿ ಕಂಪನಿ ಸ್ಪಿಲ್‌ಬರ್ಗ್‌ರ 'ಇ.ಟಿ.' ಚಿತ್ರದ ಹಕ್ಕು ಪಡೆದಾಗ ಜುಲೈ ಮುಗಿಯುತ್ತಿತ್ತು. ಕ್ರಿಸ್‌ಮಸ್ ಮಾರಾಟಕ್ಕೆ ಸಿಗಬೇಕೆಂದರೆ ಸೆಪ್ಟೆಂಬರ್ ಮೊದಲ ದಿನ ಗೇಮ್ ಸಿದ್ಧವಿರಬೇಕು. ಹೋವರ್ಡ್ ಸ್ಕಾಟ್ ವಾರ್ಶಾ ಎಂಬ ಒಬ್ಬ ಪ್ರೋಗ್ರಾಮರ್ ಸುಮಾರು ಐದು ವಾರಗಳಲ್ಲಿ ಅದನ್ನು ಬರೆದು ಮುಗಿಸಿದರು. ಆ ಕಾಲದಲ್ಲಿ ಒಂದು ಗೇಮ್‌ಗೆ ಐದಾರು ತಿಂಗಳು ಹಿಡಿಯುತ್ತಿತ್ತು. 'ಪ್ಯಾಕ್-ಮ್ಯಾನ್' ಥರದ ಸರಳವಾದದ್ದೇನಾದರೂ ಸಾಲದೇ ಎಂದು ಸ್ಪಿಲ್‌ಬರ್ಗ್ ಕೇಳಿದ್ದರೆಂದೂ, ತಾನು ದೊಡ್ಡದನ್ನೇ ಮಾಡಹೊರಟೆನೆಂದೂ ವಾರ್ಶಾ ಮುಂದೆ ಹೇಳಿಕೊಂಡಿದ್ದಾರೆ. ಆಡುವವರು ಹೆಜ್ಜೆಹೆಜ್ಜೆಗೂ ಗುಂಡಿಗೆ ಬಿದ್ದು ಬೇಸತ್ತರು. ಮಾರಾಟವಾಗದೆ ಉಳಿದ ಕಾರ್ಟ್ರಿಜ್‌ಗಳನ್ನು ಅಟಾರಿಯ ಇತರ ಸರಕಿನ ಜೊತೆ 1983ರಲ್ಲಿ ನ್ಯೂ ಮೆಕ್ಸಿಕೊದ ಕಸದ ಗುಂಡಿಯಲ್ಲಿ ಹೂಳಲಾಯಿತು. 2014ರಲ್ಲಿ ಅಗೆದಾಗ ಅವು ನಿಜಕ್ಕೂ ಅಲ್ಲಿದ್ದವು. ತಾರೀಖು ಗಟ್ಟಿಯಾಗಿತ್ತು, ಆದರೆ ಆ ದಿನಗಳಲ್ಲಿ ಹಿಡಿಸುವಷ್ಟು ಚಿಕ್ಕದಾಗಿ ಗೇಮ್ ಅನ್ನು ಯಾರೂ ಕತ್ತರಿಸಲಿಲ್ಲ.

ಮೂರನೆಯದು 'ಸೈಬರ್‌ಪಂಕ್ 2077'. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕಂಪನಿ 2012ರಲ್ಲಿ ಪ್ರಕಟಿಸಿದ ಗೇಮ್. 2020ರ ಏಪ್ರಿಲ್ ಎಂದವರು ಸೆಪ್ಟೆಂಬರ್ ಎಂದರು, ಆಮೇಲೆ ನವೆಂಬರ್, ಕೊನೆಗೆ ಡಿಸೆಂಬರ್ 10. ನೌಕರರನ್ನು ವಿಪರೀತ ದುಡಿಸುವುದಿಲ್ಲ ಎಂದು ಮಾತು ಕೊಟ್ಟಿದ್ದ ಕಂಪನಿ ಕೊನೆಯ ವಾರಗಳಲ್ಲಿ ವಾರಕ್ಕೆ ಆರು ದಿನ ಕೆಲಸ ಎಂದಿತು. ಆದರೂ ಹಳೆಯ ಯಂತ್ರಗಳಲ್ಲಿ ಗೇಮ್ ಎಷ್ಟು ಮುಗ್ಗರಿಸಿತೆಂದರೆ, ಬಿಡುಗಡೆಯಾದ ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದು ಗಿರಾಕಿಗಳಿಗೆ ಹಣ ಮರಳಿಸಲು ಮುಂದಾಯಿತು. ಮತ್ತೆ ಅಲ್ಲಿ ಸೇರಿದ್ದು 2021ರ ಜೂನ್‌ನಲ್ಲಿ. ಜನರಿಗೆ ಕೊಟ್ಟ ಭರವಸೆಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಆ ಪಟ್ಟಿಯನ್ನು ಮುಟ್ಟಲಾಗದೆ ತಾರೀಖನ್ನು ಎಳೆದಾಡಿದರು.

ಮೂರೂ ಕಡೆ ತಪ್ಪಿದ್ದು ಒಂದೇ ಜಾಗದಲ್ಲಿ: ದಿನ ಮತ್ತು ಗಾತ್ರಗಳ ಹೊಂದಾಣಿಕೆಯಲ್ಲಿ. ಎರಡರಲ್ಲಿ ಒಂದು ಗಟ್ಟಿ ನಿಲ್ಲಬೇಕು, ಇನ್ನೊಂದು ಅದಕ್ಕೆ ಬಗ್ಗಬೇಕು. ಎರಡೂ ಸಡಿಲವಾದರೆ ಹದಿನಾಲ್ಕು ವರ್ಷ, ಎರಡೂ ಗಟ್ಟಿಯಾದರೆ ಕಸದ ಗುಂಡಿ. ದೊಡ್ಡ ಕಂಪನಿ ಗಾತ್ರವನ್ನು ಹಿಡಿದು ತಾರೀಖನ್ನು ಬಗ್ಗಿಸಬಹುದು, ಮುಂದೂಡಿದ ಪ್ರತಿ ತಿಂಗಳ ಸಂಬಳ ಕೊಡುವ ತಾಕತ್ತು ಅದಕ್ಕಿದೆ. ಒಬ್ಬಿಬ್ಬರೇ ಮಾಡುವವರಿಗೆ ಉಳಿಯುವುದು ಇನ್ನೊಂದೇ ದಾರಿ. ತಾರೀಖನ್ನು ಹಿಡಿಯಬೇಕು, ಗೇಮ್ ಅನ್ನು ಕತ್ತರಿಸಬೇಕು.

ಹೆಗ್ಗೋಡಿನ ಲೆಕ್ಕ

ಈ ದಾರಿಯನ್ನು ತಿಳಿಯಲು ಕ್ಯಾಲಿಫೋರ್ನಿಯಕ್ಕೆ ಹೋಗಬೇಕಾಗಿಲ್ಲ. ಸಾಗರದಿಂದ ಕೆಲವೇ ಕಿಲೊಮೀಟರ್ ದೂರದ ಹೆಗ್ಗೋಡಿನಲ್ಲಿ ಇದು ನಲವತ್ತು ವರ್ಷಗಳಿಂದ ನಡೆದುಬಂದಿದೆ. 1949ರಲ್ಲಿ ಹುಟ್ಟಿದ ನೀನಾಸಮ್ ಎಂಬ ನಾಟಕ ಸಂಸ್ಥೆ, ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಲ್ಲಿ 'ತಿರುಗಾಟ' ಎಂಬ ಸಂಚಾರಿ ನಾಟಕ ತಂಡ ಶುರುಮಾಡಿತು. ಮಳೆಗಾಲದಲ್ಲಿ ತಾಲೀಮು, ಮಳೆ ಹಿಂದಾದ ಮೇಲೆ ಊರೂರು ಸುತ್ತಿ ಪ್ರಯೋಗ. ಒಂದು ತಂಡ ಎರಡು ಮೂರು ನಾಟಕಗಳನ್ನು ಒಟ್ಟಿಗೆ ಸಿದ್ಧಮಾಡಿಕೊಂಡು ಹೊರಡುತ್ತದೆ.

ಗೇಮ್ ಮಾಡುವವರು ಈ ಏರ್ಪಾಡನ್ನು ಕೂತು ಗಮನಿಸಬೇಕು. ಇಂಥ ಊರಿನಲ್ಲಿ ಇಂಥ ದಿನ ಪ್ರಯೋಗ ಎಂದು ನಿಗದಿಯಾದ ಮೇಲೆ ಅಲ್ಲಿಯ ಸಂಘಟಕರು ಸಭಾಂಗಣ ಹಿಡಿದಿರುತ್ತಾರೆ, ಟಿಕೆಟ್ ಮಾರಿರುತ್ತಾರೆ. ಮೂರನೇ ಅಂಕ ಇನ್ನೂ ಕೂತಿಲ್ಲ, ಮುಂದಿನ ತಿಂಗಳು ಬರುತ್ತೇವೆ ಎನ್ನಲಾಗದು. ಆದ್ದರಿಂದ ಮಿತಿಗಳೆಲ್ಲ ಮೊದಲ ದಿನವೇ ಲೆಕ್ಕದಲ್ಲಿರುತ್ತವೆ: ಇರುವ ನಟರಲ್ಲೇ ಪಾತ್ರಗಳು ಹಂಚಿಹೋಗಬೇಕು, ಸಜ್ಜಿಕೆ ವಾಹನದಲ್ಲಿ ಹಿಡಿಯಬೇಕು, ಇವತ್ತು ಬಿಚ್ಚಿದ್ದನ್ನು ನಾಳೆ ಇನ್ನೊಂದು ಊರಿನ, ಇನ್ನೊಂದು ಅಳತೆಯ ರಂಗದ ಮೇಲೆ ಕಟ್ಟಲು ಬರಬೇಕು. ನಟರೇ ಸಜ್ಜಿಕೆ ಕಟ್ಟುತ್ತಾರೆ, ನಟರೇ ಬಿಚ್ಚುತ್ತಾರೆ. ಅರಮನೆ ಬೇಕಾದ ಕಡೆ ಒಂದು ಪೀಠ ಸಾಕಾಗುವಂತೆ ನಿರ್ದೇಶಕ ಯೋಚಿಸಬೇಕಾಗುತ್ತದೆ. ಹಾಗೆಂದು ನಾಟಕ ಬಡವಾಗಿದೆ ಎಂದು ಪ್ರೇಕ್ಷಕರಿಗೆ ಅನ್ನಿಸುವುದಿಲ್ಲ, ಏಕೆಂದರೆ ಕತ್ತರಿಸಿದ್ದು ಕೊನೆಯ ರಾತ್ರಿಯಲ್ಲಲ್ಲ, ಕಟ್ಟುವ ಮೊದಲೇ.

ಗೇಮ್‌ನಲ್ಲೂ ಕತ್ತರಿಸುವುದು ಹೇಗೂ ತಪ್ಪುವುದಿಲ್ಲ. ಮೊದಲೇ ಕತ್ತರಿಸಿದರೆ ಅದು ವಿನ್ಯಾಸ ಎನಿಸಿಕೊಳ್ಳುತ್ತದೆ, ಕೊನೆಯಲ್ಲಿ ಕತ್ತರಿಸಿದರೆ ಗಾಯವಾಗಿ ಕಾಣುತ್ತದೆ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ಎಂಬ ಚಿಕ್ಕ ತಂಡದ 'ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್' ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಜನರಿಂದ ಹಣ ಕೂಡಿಸಲು ಹೋಗಿ ಗುರಿ ಮುಟ್ಟಲಿಲ್ಲ. ಆದರೂ 2020ರಲ್ಲಿ ಗೇಮ್ ಹೊರಬಂತು. ಐದಾರು ಗಂಟೆಯಲ್ಲಿ ಆಡಿ ಮುಗಿಸಬಹುದಾದ ಗೇಮ್ ಅದು. ಚಿಕ್ಕದಾಯಿತು ಎಂದವರೂ ಇದ್ದರು. ಆದರೆ ಅದೇ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಗೇಮ್‌ಗಳ ವಿಭಾಗಕ್ಕೆ ಅದು ನಾಮನಿರ್ದೇಶನಗೊಂಡಿತು. ಇಪ್ಪತ್ತು ಗಂಟೆಯ ಕಥೆ ಮಾಡಲು ಹೋಗಿದ್ದರೆ ಅದರ ಹೆಸರನ್ನು ಇಲ್ಲಿ ಬರೆಯುವ ಸಂದರ್ಭ ಬರುತ್ತಿತ್ತೋ ಇಲ್ಲವೋ.

ವೇಳಾಪಟ್ಟಿ ಯಾವಾಗ ಹಾಕಬೇಕು

ಹಾಗಾದರೆ ಮೊದಲ ದಿನವೇ ಪೂರ್ತಿ ವರ್ಷದ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಬೇಕೆ? ಬೇಡ ಎನ್ನುತ್ತಾರೆ ಮಾರ್ಕ್ ಸರ್ನಿ. ಹದಿಹರೆಯದಲ್ಲೇ ಅಟಾರಿಗೆ ಸೇರಿ, ಮುಂದೆ ಪ್ಲೇಸ್ಟೇಷನ್ 4ರ ಪ್ರಧಾನ ವಿನ್ಯಾಸಕರಾದವರು ಅವರು. 2002ರ ಒಂದು ಭಾಷಣದಲ್ಲಿ ಅವರು ಗೇಮ್ ತಯಾರಿಯನ್ನು ಎರಡು ತುಂಡು ಮಾಡಿ ತೋರಿಸಿದರು. ಮೊದಲನೆಯದು ಹುಡುಕಾಟ: ಆಟದಲ್ಲಿ ಮಜಾ ಎಲ್ಲಿದೆ ಎಂದು ತಡಕಾಡುವ ಕಾಲ. ಎರಡನೆಯದು ತಯಾರಿಕೆ: ಸಿಕ್ಕಿದ ಮಜಾವನ್ನು ಲೆವೆಲ್ ಲೆವೆಲ್ ಆಗಿ ಕಟ್ಟುವ ಕಾಲ. ಎರಡನೆಯದಕ್ಕೆ ವೇಳಾಪಟ್ಟಿ ಹಾಕಬಹುದು, ಹಾಕಲೇಬೇಕು. ಮೊದಲನೆಯದಕ್ಕೆ ಹಾಕುತ್ತೇನೆ ಎನ್ನುವುದು ಭ್ರಮೆ ಎಂಬುದು ಅವರ ವಾದ. ಇನ್ನೂ ಹುಟ್ಟದ ಮಜಾ ಮಂಗಳವಾರ ಸಂಜೆ ನಾಲ್ಕಕ್ಕೆ ಹುಟ್ಟುತ್ತದೆ ಎಂದು ಬರೆದಿಡಲು ಬರುವುದಿಲ್ಲ.

ಇದನ್ನು ಒಬ್ಬಿಬ್ಬರ ತಂಡಕ್ಕೆ ಹೊಂದಿಸಿದರೆ ಹೀಗಾಗುತ್ತದೆ. ಹುಡುಕಾಟಕ್ಕೆ ದಿನಚರಿ ಬೇಡ, ಒಂದು ಗಡಿ ಮಾತ್ರ ಇರಲಿ. ಒಟ್ಟು ಕಾಲದ ನಾಲ್ಕನೇ ಒಂದು ಭಾಗ ಅದಕ್ಕೆ. ಈ ಅವಧಿಯ ಶುರುವಿನಲ್ಲಿ ಚಿತ್ರ, ಸಂಗೀತ, ಕಥೆ ಏನೂ ಬೇಡ; ಚೌಕಗಳು ಓಡಾಡಿದರೆ ಸಾಕು. ಅವಧಿ ಮುಗಿಯುವ ಹೊತ್ತಿಗೆ ಒಂದು ಲೆವೆಲ್ ಪೂರ್ತಿಯಾಗಿ, ಬಣ್ಣ ಸದ್ದು ಸಮೇತ, ಮಾರಾಟಕ್ಕಿಟ್ಟರೆ ನಾಚಿಕೆಯಾಗದಷ್ಟು ಚೆನ್ನಾಗಿ ಸಿದ್ಧವಾಗಬೇಕು. ಅದನ್ನು ಗೇಮ್‌ನ ಗಂಧಗಾಳಿ ಇಲ್ಲದ ಇಬ್ಬರ ಕೈಗೆ ಕೊಡಿ. ಅವರು ಇನ್ನೊಂದು ಸಲ ಆಡುತ್ತೇನೆ ಎಂದರೆ ಮುಂದಕ್ಕೆ ಹೋಗಿ. ಸುಮ್ಮನೆ ಚೆನ್ನಾಗಿದೆ ಎಂದು ಫೋನ್ ವಾಪಸ್ ಕೊಟ್ಟರೆ ಗೇಮ್ ಬದಲಿಸಿ. ಹೋಗಿದ್ದು ವರ್ಷದ ಕಾಲುಭಾಗ, ಪೂರ್ತಿ ವರ್ಷವಲ್ಲ.

ಈ ಒಂದು ಲೆವೆಲ್ ಇನ್ನೊಂದು ಉಪಕಾರ ಮಾಡುತ್ತದೆ. ಒಂದು ಲೆವೆಲ್‌ಗೆ ನಿಮಗೆ ನಿಜವಾಗಿ ಎಷ್ಟು ಗಂಟೆ ಹಿಡಿಯಿತು ಎಂಬುದು ಈಗ ಊಹೆಯಲ್ಲ, ಅನುಭವ. ಮುಂದಿನ ವೇಳಾಪಟ್ಟಿಯನ್ನೆಲ್ಲ ಆ ಅಂಕಿಯ ಮೇಲೆ ಕಟ್ಟಬೇಕು.

ನಮ್ಮ ಊಹೆ ಯಾಕೆ ಸುಳ್ಳಾಗುತ್ತದೆ

ಊಹೆಯನ್ನು ನಂಬಬಾರದು ಎನ್ನಲು ಗಟ್ಟಿ ಆಧಾರವಿದೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್‌ಸ್ಕಿ 1979ರಲ್ಲೇ ಇದರ ಬಗ್ಗೆ ಬರೆದಿದ್ದರು: ಮನುಷ್ಯ ತನ್ನ ಕೆಲಸಕ್ಕೆ ಹಿಡಿಯುವ ಕಾಲವನ್ನು ಯಾವಾಗಲೂ ಕಡಿಮೆ ಅಂದಾಜಿಸುತ್ತಾನೆ, ಹಿಂದೆ ಹತ್ತು ಸಲ ತಡವಾಗಿದ್ದರೂ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಎಂದು ಕೇಳಿದರು. ಅವರ ಅಂದಾಜು ಸರಾಸರಿ 33.9 ದಿನ. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂದರೆ 48.6 ಎಂದರು. ನಿಜವಾಗಿ ಹಿಡಿದದ್ದು 55.5 ದಿನ. ಎಲ್ಲವೂ ಕೆಟ್ಟರೆ ಎಂದು ಹೇಳಿದ್ದಕ್ಕಿಂತಲೂ ತಡ!

ಯಾಕೆ ಹೀಗೆ? ಕೆಲಸವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವಾಗ ನಾವು ಕೆಲಸವನ್ನು ಮಾತ್ರ ನೋಡುತ್ತೇವೆ, ಅದರ ಸುತ್ತಲಿನದು ಕಾಣುವುದಿಲ್ಲ. ಕನ್ನಡದ ಗೇಮ್ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ಒಂದು ಉದಾಹರಣೆ ಇದೆ. ಪರದೆಯ ಮೇಲೆ 'ತೀರ್ಥಹಳ್ಳಿ' ಎಂದು ಬರೆಯಬೇಕು. ಒಂದು ಗಂಟೆಯ ಕೆಲಸ ಎಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತೀರಿ. ಗೇಮ್ ಕಟ್ಟುವ ಎಂಜಿನ್ ಆದ ಯೂನಿಟಿಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಟೆಕ್ಸ್ಟ್‌ಮೆಶ್ ಪ್ರೊ ಎಂಬ ಸಲಕರಣೆಗೆ ನಮ್ಮ ಲಿಪಿಗಳ ಒತ್ತಕ್ಷರ ಜೋಡಿಸುವುದು ತಾನಾಗಿ ಗೊತ್ತಿಲ್ಲ. ಅರ್ಕಾವತ್ತು ಒಂದು ಕಡೆ, ಒತ್ತು ಇನ್ನೊಂದು ಕಡೆ, ನಡುವೆ ಒಂದು ಖಾಲಿ ಚೌಕ. ಸರಿಮಾಡಲು ಬೇರೆ ಸಲಕರಣೆ ಹುಡುಕಬೇಕು ಅಥವಾ ಅಕ್ಷರಗಳನ್ನು ಚಿತ್ರವಾಗಿ ಬರೆದು ಕೂರಿಸಬೇಕು. ಒಂದು ಗಂಟೆ ಒಂದು ವಾರವಾಗುತ್ತದೆ. 2023ರಲ್ಲಿ ಬಂದ ಗೊಡೊ 4 ಎಂಬ ಬಿಟ್ಟಿ ಎಂಜಿನ್‌ನಲ್ಲಿ ಅಕ್ಷರ ಜೋಡಣೆಯ ಏರ್ಪಾಡು ಒಳಗೇ ಇದೆ. ಈ ವ್ಯತ್ಯಾಸವನ್ನು ಮೊದಲ ವಾರದಲ್ಲಿ ಒಂದೇ ಪದ ಬರೆದು ಪರೀಕ್ಷಿಸಿದವರು ಬಚಾವ್. ಎಂಟನೇ ತಿಂಗಳಲ್ಲಿ ಕಂಡುಕೊಂಡವರಿಗೆ ಎಂಜಿನ್ ಬದಲಿಸಲೂ ಆಗದು, ಕನ್ನಡ ಬಿಡಲೂ ಮನಸ್ಸಾಗದು. ಭಯ ಹುಟ್ಟಿಸುವ ಕೆಲಸ ಪಟ್ಟಿಯ ಮೊದಲಲ್ಲೇ ಇರಬೇಕು ಎನ್ನುವುದು ಇದಕ್ಕೇ. ಕೊಳೆ ಕಂಡ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ ಎಂಬುದು ಅಡಿಕೆ ಬೆಳೆಗಾರರ ಮನೆಯವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಊಹೆಯನ್ನು ತಿದ್ದಲು ಒಂದು ಸಾದಾ ನೋಟ್‌ಬುಕ್ ಸಾಕು. ಎಡಗಡೆ ಕೆಲಸ, ನಡುವೆ ಅಂದಾಜು, ಬಲಗಡೆ ನಿಜವಾಗಿ ಹಿಡಿದ ಗಂಟೆ. ಯಾವ ಕೆಲಸವೂ ಎರಡು ಸಂಜೆಗಿಂತ ದೊಡ್ಡದಾಗಿರಬಾರದು, ದೊಡ್ಡದಾದರೆ ಒಡೆಯಿರಿ. 'ಶತ್ರು ಪಾತ್ರ ಮಾಡುವುದು' ಎಂದು ಬರೆದರೆ ಅದು ಮುಗಿಯುವುದೇ ಇಲ್ಲ. 'ಶತ್ರು ಗೋಡೆ ಮುಟ್ಟಿದಾಗ ಹಿಂದಿರುಗುವುದು' ಎಂದು ಬರೆದರೆ ಒಂದು ರಾತ್ರಿಯ ಕೆಲಸ. ಒಂದು ತಿಂಗಳು ಹೀಗೆ ಬರೆದರೆ ನಿಮ್ಮ ತಪ್ಪು ಎಷ್ಟು ಪಟ್ಟಿನದು ಎಂಬುದು ಗೊತ್ತಾಗುತ್ತದೆ. ಕೆಲವರದು ಒಂದೂವರೆ ಪಟ್ಟು, ಕೆಲವರದು ಮೂರು ಪಟ್ಟು. ಮುಂದಿನ ಅಂದಾಜನ್ನೆಲ್ಲ ಅದರಿಂದ ಗುಣಿಸಿ.

ಗಂಟೆಗಳ ಜಮಾಖರ್ಚು

ಈಗ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ವಾರದ ಐದು ದಿನ ರಾತ್ರಿ ಒಂದೂವರೆ ಗಂಟೆ, ಭಾನುವಾರ ನಾಲ್ಕೂವರೆ ಗಂಟೆ: ವಾರಕ್ಕೆ 12 ಗಂಟೆ. ವರ್ಷದ 52 ವಾರಗಳಲ್ಲಿ ಕೊಯ್ಲಿನ ದಿನಗಳು, ಮದುವೆ, ಹಬ್ಬ, ಜ್ವರ, ಕರೆಂಟಿಲ್ಲದ ದಿನಗಳೆಂದು 14 ವಾರ ಕಳೆಯಿರಿ. ಉಳಿದದ್ದು 38 ವಾರ, ಅಂದರೆ 456 ಗಂಟೆ.

ಇಷ್ಟೂ ಗೇಮ್‌ಗೆ ಸಿಗುವುದಿಲ್ಲ. ಬಗ್ ಹುಡುಕುವುದು, ಬೇರೆಯವರ ಕೈಲಿ ಆಡಿಸಿ ನೋಡುವುದು, ಬೇರೆ ಬೇರೆ ಫೋನ್‌ಗಳಲ್ಲಿ ಓಡಿಸುವುದು, ಅಂಗಡಿಯ ಪುಟಕ್ಕೆ ಚಿತ್ರ ಮತ್ತು ಬರಹ, ಒಂದು ನಿಮಿಷದ ಟ್ರೇಲರ್, ಇವೆಲ್ಲಕ್ಕೆ ಅರ್ಧ ಎತ್ತಿಡುವುದು ಕ್ಷೇಮ. ಕಟ್ಟುವುದಕ್ಕೆ ಉಳಿದದ್ದು ಸುಮಾರು 230 ಗಂಟೆ. ಅದರಲ್ಲಿ ಆಟದ ಮೂಲ ಚಲನೆಗೆ 70, ಮೆನು, ಸೇವ್, ಸೆಟಿಂಗ್‌ಗಳಿಗೆ 40, ಸದ್ದಿಗೆ 30. ಉಳಿಯಿತು 90. ಒಂದು ಲೆವೆಲ್‌ಗೆ 15 ಗಂಟೆ ಎಂದು ನಿಮ್ಮ ಊಹೆಯಾದರೆ ಆರು ಲೆವೆಲ್ ಆಗುತ್ತವೆ. ನೋಟ್‌ಬುಕ್ ನಿಜವಾಗಿ 25 ಗಂಟೆ ಎಂದರೆ ಮೂರೂವರೆ.

ಮೂವತ್ತು ಲೆವೆಲ್‌ನ ಕನಸು ಕಂಡವರಿಗೆ ಮೂರು ಲೆವೆಲ್ ಎಂದರೆ ಮುಖ ಬಾಡುತ್ತದೆ. ಆದರೆ ಈ ಲೆಕ್ಕ ಮೊದಲೇ ತಿಳಿದರೆ ಯೋಚನೆಯ ದಿಕ್ಕೇ ಬದಲಾಗುತ್ತದೆ. ಮೂರೇ ಲೆವೆಲ್ ಇರುವುದಾದರೆ ಅವನ್ನು ಮತ್ತೆ ಮತ್ತೆ ಆಡಿಸುವುದು ಹೇಗೆ? ಸಮಯದ ಮಿತಿ ಇಡಬಹುದೇ? ಒಂದೇ ಜಾಗ ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ ಇರಬಹುದೇ? ಒಳ್ಳೆಯ ಗೇಮ್ ಹುಟ್ಟುವುದು ಹೆಚ್ಚಾಗಿ ಇಂಥ ಪ್ರಶ್ನೆಗಳಿಂದ.

ಕೆಲಸ ಹಿಂದೆ ಬಿದ್ದಾಗ ಗೆಳೆಯನೊಬ್ಬನನ್ನು ಸೇರಿಸಿಕೊಂಡರೆ ಬೇಗ ಮುಗಿಯುತ್ತದೆ ಎನ್ನಿಸುವುದು ಸಹಜ. ಐಬಿಎಂನಲ್ಲಿ ದೊಡ್ಡ ತಂಡ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಎಚ್ಚರಿಸಿದ್ದರು: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಆಳು ಸೇರಿಸಿದರೆ ಇನ್ನಷ್ಟು ತಡವಾಗುತ್ತದೆ. ಹೊಸಬನಿಗೆ ಕಲಿಸಲು ಹಳಬನ ಕಾಲವೇ ಖರ್ಚಾಗುತ್ತದೆ. ಗೆಳೆಯ ಬರುವುದಾದರೆ ಶುರುವಿನಲ್ಲೇ ಬರಲಿ.

ಮಲೆನಾಡಿನ ಕ್ಯಾಲೆಂಡರ್

ಲೆಕ್ಕದಲ್ಲಿ ಕಳೆದ ಆ 14 ವಾರ ಎಲ್ಲೆಲ್ಲಿ ಬೀಳುತ್ತದೆ ಎಂಬುದು ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನಲ್ಲಿ ಬಹುಮಟ್ಟಿಗೆ ಮೊದಲೇ ಗೊತ್ತು. ಬೆಂಗಳೂರಿನವರಿಗಿಲ್ಲದ ಅನುಕೂಲ ಇದು.

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಹೊಸನಗರದ ಹುಲಿಕಲ್ಲೂ ಹಿಂದೆ ಬಿದ್ದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಗುಡ್ಡದ ಆಚೆಗೇ ನಿಲ್ಲುತ್ತದೆ. ಆದರೆ ಮನೆಯಿಂದ ಹೊರಗೆ ಹೋಗುವ ಗೊಡವೆಯೂ ಕಡಿಮೆ. ಕೋಡ್ ಬರೆಯಲು, ಚಿತ್ರ ಬಿಡಿಸಲು ಇಂಟರ್ನೆಟ್ ಬೇಕೇ ಬೇಕೆಂದಿಲ್ಲ. ಮಳೆಗೆ ಮೊದಲೇ ಬೇಕಾದ ಕೈಪಿಡಿ, ಸಲಕರಣೆಗಳನ್ನೆಲ್ಲ ಇಳಿಸಿಕೊಂಡಿದ್ದರೆ ಇದು ತಯಾರಿಕೆಯ ಕಾಲ. ದೊಡ್ಡ ಫೈಲ್ ಏರಿಸುವ ಕೆಲಸ, ವಿಡಿಯೊ ಕರೆಯ ಸಭೆಗಳು ಈ ತಿಂಗಳುಗಳಲ್ಲಿ ಬೇಡ.

ನವೆಂಬರ್‌ನಿಂದ ಫೆಬ್ರವರಿವರೆಗೆ ಕೊನೆಕೊಯ್ಲು. ಕೊನೆಗಾರ ಇವತ್ತು ಬರುತ್ತೇನೆ ಎಂದರೆ ಇವತ್ತೇ. ಕೊಯ್ದ ಅಡಿಕೆ ನಮ್ಮ ಬಿಡುವಿಗೆ ಕಾಯುವುದಿಲ್ಲ. ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಸುಲಿತದ ರಾತ್ರಿಗಳಲ್ಲಿ ಮನೆಯವರೆಲ್ಲ ಮೆಟ್ಟುಗತ್ತಿಯ ಮುಂದೆ ಕೂತಿರುವಾಗ ಒಬ್ಬರು ಮಾತ್ರ ಕೋಣೆಯಲ್ಲಿ ಗೇಮ್ ಮಾಡುತ್ತಿದ್ದರೆ ಅದರ ಬೆಲೆ ಬೇರೆ ರೀತಿಯಲ್ಲಿ ತೆರಬೇಕಾಗುತ್ತದೆ! ಈ ವಾರಗಳನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಕೆಂಪು ಮಾಡಿಟ್ಟರೆ ಕೆಲಸ ಹಿಂದೆ ಬಿತ್ತೆಂಬ ಕೊರಗೂ ಇಲ್ಲ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ಏಪ್ರಿಲ್ ಮೇ ತಿಂಗಳ ಮದುವೆ ಉಪನಯನಗಳಿಗೂ ಅದೇ ಕೆಂಪು. ಮುಂಚಿತವಾಗಿ ಬರೆದಿಟ್ಟ ರಜೆಯಿಂದ ವೇಳಾಪಟ್ಟಿ ಕೆಡುವುದಿಲ್ಲ. ಇಲ್ಲವೆಂದು ನಟಿಸಿದ ರಜೆಯಿಂದ ಕೆಡುತ್ತದೆ.

ಕಾಯಲೇಬೇಕಾದ ದಿನಗಳು

ಎಷ್ಟೇ ದುಡಿದರೂ ಕಡಿಮೆಯಾಗದ ಕೆಲವು ದಿನಗಳೂ ಇವೆ, ಇವನ್ನು ಹೊಸಬರು ಮರೆಯುತ್ತಾರೆ. ಕಂಪ್ಯೂಟರ್ ಗೇಮ್‌ಗಳ ದೊಡ್ಡ ಅಂಗಡಿಯಾದ ಸ್ಟೀಮ್‌ನಲ್ಲಿ ಒಂದು ಗೇಮ್‌ಗೆ 100 ಡಾಲರ್ ಶುಲ್ಕ. ಹೊಸಬರು ಅದನ್ನು ಕಟ್ಟಿದ ದಿನದಿಂದ ಬಿಡುಗಡೆಗೆ 30 ದಿನ ಕಾಯಬೇಕು. 'ಶೀಘ್ರದಲ್ಲಿ' ಎಂಬ ಪುಟ ಕನಿಷ್ಠ ಎರಡು ವಾರ ಜನರಿಗೆ ಕಾಣುತ್ತಿರಬೇಕು. ಪುಟವನ್ನೂ ಗೇಮನ್ನೂ ಅವರು ಪರಿಶೀಲಿಸಲು ಇನ್ನಷ್ಟು ದಿನ. ಹೊಸ ಗೇಮ್‌ಗಳ ಮಾದರಿ ಆಡಿಸುವ ಅವರ ನೆಕ್ಸ್ಟ್ ಫೆಸ್ಟ್ ವರ್ಷಕ್ಕೆ ಮೂರು ಸಲ ನಡೆಯುತ್ತದೆ, ಒಂದು ಗೇಮ್‌ಗೆ ಒಂದೇ ಅವಕಾಶ.

ಆಂಡ್ರಾಯ್ಡ್‌ನಲ್ಲಿ ಗೂಗಲ್ ಪ್ಲೇ ಶುಲ್ಕ ಒಂದೇ ಸಲ 25 ಡಾಲರ್. ಆದರೆ 2023ರ ನವೆಂಬರ್ 13ರ ನಂತರ ವೈಯಕ್ತಿಕ ಖಾತೆ ತೆರೆದವರಿಗೆ ಇನ್ನೊಂದು ನಿಯಮವಿದೆ. ಗೇಮ್ ಎಲ್ಲರಿಗೂ ಸಿಗುವ ಮೊದಲು 12 ಮಂದಿ ಪರೀಕ್ಷಕರು 14 ದಿನ ಎಡೆಬಿಡದೆ ಪರೀಕ್ಷೆಯಲ್ಲಿ ಸೇರಿಕೊಂಡಿರಬೇಕು. ಮೊದಲು ಈ ಸಂಖ್ಯೆ 20 ಇತ್ತು, 2024ರ ಕೊನೆಯಲ್ಲಿ ಇಳಿಸಿದರು. ದೀಪಾವಳಿಗೆ ಬಿಡುಗಡೆ ಎಂದುಕೊಂಡವರು ದೀಪಾವಳಿಯ ವಾರದಲ್ಲಿ ಈ ಹನ್ನೆರಡು ಮಂದಿಯನ್ನು ಹುಡುಕುತ್ತ ಕೂತರೆ ಹಬ್ಬ ಮುಗಿದಿರುತ್ತದೆ. ವೇಳಾಪಟ್ಟಿಯನ್ನು ಬಿಡುಗಡೆಯ ದಿನದಿಂದ ಹಿಂದಕ್ಕೆ ಬರೆಯಬೇಕೆನ್ನುವುದು ಇದರಿಂದಾಗಿಯೇ. ಬಿಡುಗಡೆ, ಅದಕ್ಕಿಂತ ಒಂದೂವರೆ ತಿಂಗಳು ಹಿಂದೆ ಪುಟ ಮತ್ತು ಪರೀಕ್ಷೆ, ಅದಕ್ಕೂ ಒಂದು ತಿಂಗಳು ಹಿಂದೆ 'ಇನ್ನು ಹೊಸದೇನೂ ಸೇರಿಸುವುದಿಲ್ಲ' ಎಂಬ ಗೆರೆ. ಆ ಗೆರೆ ದಾಟಿದ ಮೇಲೆ ಎಂಥ ಅದ್ಭುತ ಯೋಚನೆ ಬಂದರೂ ಮುಂದಿನ ಗೇಮ್‌ನ ಪಟ್ಟಿಗೆ ಹೋಗಬೇಕು.

ನಿದ್ದೆಗೆಟ್ಟು ಗೆದ್ದವರಿಲ್ಲ

ಲೆಕ್ಕ ತಪ್ಪಿದಾಗ ಎಲ್ಲರೂ ಕೈಚಾಚುವುದು ನಿದ್ದೆಗೆ. ಗೇಮ್ ಉದ್ಯಮದಲ್ಲಿ ಇದಕ್ಕೆ ಕ್ರಂಚ್ ಎನ್ನುತ್ತಾರೆ. 2004ರಲ್ಲಿ ಎರಿನ್ ಹಾಫ್‌ಮನ್ ಎಂಬ ಮಹಿಳೆ ಹೆಸರು ಹೇಳದೆ, ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯಲ್ಲಿದ್ದ ತನ್ನ ಸಂಗಾತಿಯನ್ನು ವಾರಗಟ್ಟಲೆ ರಜೆಯಿಲ್ಲದೆ ದುಡಿಸುತ್ತಿರುವುದನ್ನು ಬರೆದು ಬಯಲಿಗಿಟ್ಟರು. ಹೆಚ್ಚುವರಿ ದುಡಿಮೆಯ ವೇತನಕ್ಕಾಗಿ ಕಲಾವಿದರು ಹೂಡಿದ ದಾವೆಯಲ್ಲಿ ಕಂಪನಿ 1.56 ಕೋಟಿ ಡಾಲರ್, ಪ್ರೋಗ್ರಾಮರ್‌ಗಳದರಲ್ಲಿ 1.49 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಹೊರಗಿನ ಕಂಪನಿ ದುಡಿಸಿದರೆ ದಾವೆ ಹೂಡಬಹುದು. ನಮ್ಮನ್ನು ನಾವೇ ದುಡಿಸಿಕೊಂಡರೆ ಕೇಳುವವರಿಲ್ಲ. ರಾತ್ರಿ ಎರಡು ಗಂಟೆಗೆ ಬರೆದ ಕೋಡಿನ ಬಗ್ ಹುಡುಕಲು ಮರುದಿನದ ಸಂಜೆ ಪೂರ್ತಿ ಹೋಗುತ್ತದೆ. ವಾರಕ್ಕೆ 12 ಗಂಟೆ ಎಂದು ನಿಗದಿಯಾದ ಮೇಲೆ 20 ಗಂಟೆ ದುಡಿದ ವಾರವನ್ನೂ ಎಚ್ಚರಿಕೆಯ ಗಂಟೆ ಎಂದೇ ತಿಳಿಯಬೇಕು. ಗಾತ್ರ ಇನ್ನೂ ಕತ್ತರಿಸಬೇಕಿದೆ ಎಂದು ಅದರ ಅರ್ಥ.

ಒಂದು ದಿನ ಗೊತ್ತುಮಾಡೋಣ

ತಾರೀಖು ಹಿಡಿಯಿರಿ ಎನ್ನುವುದು ಸುಲಭ, ಹಿಡಿಯುವುದು ಕಷ್ಟ. ತನಗೆ ತಾನೇ ಕೊಟ್ಟ ಗಡುವಿಗೆ ಯಾರೂ ಹೆದರುವುದಿಲ್ಲ. ಬೆಂಗಳೂರಿನ ಗೇಮ್ ಕೆಲಸ ಬೆಳೆದದ್ದೇ ಬೇರೆಯವರು ಇಟ್ಟ ತಾರೀಖಿನ ಮೇಲೆ. ಧ್ರುವದಂಥ ಕಂಪನಿಗಳು ವಿದೇಶಿ ಗೇಮ್‌ಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಡುತ್ತಿದ್ದವು, ಮೈಲಿಗಲ್ಲು ಮುಟ್ಟಿದಂತೆ ಕೆಲಸ ಒಪ್ಪಿಸುತ್ತಿದ್ದವು. ಸ್ವಂತದ ಗೇಮ್ ಮಾಡುವವರಿಗೆ ಆ ಹೊರಗಿನ ಕಣ್ಣು ಇಲ್ಲ, ಅದನ್ನು ತಾವೇ ತಂದುಕೊಳ್ಳಬೇಕು.

2009ರಿಂದ ಪ್ರತಿ ಜನವರಿಯಲ್ಲಿ ನಡೆಯುವ ಗ್ಲೋಬಲ್ ಗೇಮ್ ಜ್ಯಾಮ್‌ಗೆ ಜಗತ್ತಿನ ಯಾವ ಊರೂ ಕೇಂದ್ರವಾಗಬಹುದು. ಅದಕ್ಕೂ ಸರಳವಾದದ್ದು ನಮ್ಮಲ್ಲೇ ಸಾಧ್ಯ. ಸಾಗರದ ಲಾಲ್ ಬಹಾದ್ದೂರ್ ಕಾಲೇಜು, ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯ, ಹೊಸನಗರದ ಕೊಡಚಾದ್ರಿ ಸರ್ಕಾರಿ ಕಾಲೇಜು ಇವುಗಳಲ್ಲಿ ಒಂದರ ಒಂದು ಕೋಣೆ, ಹತ್ತು ಲ್ಯಾಪ್‌ಟಾಪ್, ಕೊಯ್ಲು ಮುಗಿದು ಮದುವೆಗಳು ಶುರುವಾಗುವ ಮೊದಲಿನ ಮಾರ್ಚ್ ತಿಂಗಳ ಒಂದು ಭಾನುವಾರ. ಮೂರು ತಾಲ್ಲೂಕಿನ ಗೇಮ್ ಮಾಡುವವರು ತಂತಮ್ಮ ಗೇಮ್ ತರಬೇಕು, ವಿದ್ಯಾರ್ಥಿಗಳು ಆಡಬೇಕು. ಆಹ್ವಾನಪತ್ರ ಮೊದಲೇ ಅಚ್ಚಾಗಬೇಕು, ಅದರಲ್ಲಿ ಗೇಮ್‌ನ ಹೆಸರೂ ಮಾಡಿದವರ ಹೆಸರೂ ಇರಬೇಕು. ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿ ರೂಪಿಸಿದೆ, 2024ರಲ್ಲಿ ಅದನ್ನು ಹೊಸದಾಗಿ ಬರೆದಿದೆ. ಆದರೆ ಕೈಯಲ್ಲಿರುವ ಗೇಮನ್ನು ಮುಗಿಸುವಂತೆ ಮಾಡುವ ಬಲ, ಅಚ್ಚಾದ ಆಹ್ವಾನಪತ್ರಕ್ಕಿರುವಷ್ಟು ಯಾವ ನೀತಿಗೂ ಇಲ್ಲ.

ಮೊದಲ ವರ್ಷ ಬರುವ ಗೇಮ್‌ಗಳು ಹತ್ತು ನಿಮಿಷದ್ದಾಗಿರಬಹುದು, ಒಂದೇ ಲೆವೆಲ್‌ನದಾಗಿರಬಹುದು. ಪರವಾಗಿಲ್ಲ. ಅರ್ಧ ಮಾಡಿದ ದೊಡ್ಡ ಗೇಮ್‌ನಿಂದ ಅದರ ಮೊದಲರ್ಧ ಹೇಗೆ ಮಾಡುವುದೆಂದಷ್ಟೇ ಕಲಿಯಬಹುದು. ಮುಗಿಸಿದ ಚಿಕ್ಕ ಗೇಮ್‌ನಿಂದ ಮುಗಿಸುವುದು ಹೇಗೆಂದು ಕಲಿಯಬಹುದು, ಎರಡನೇ ಗೇಮ್‌ಗೆ ಬೇಕಾಗುವುದು ಆ ಕಲಿಕೆಯೇ.